ಸಾವಿರ ಅಡಿ ಆಳದ ನೀರಿಗೆ ವಯಸ್ಸೆಷ್ಟು?

ಕೊಳವೆ ಬಾವಿಯಿಂದ ಮೇಲೆ ಬರುವುದು ಯಾವ ಕಾಲದ ಮಳೆ? ಆ ನೀರಿನಲ್ಲೇ ಕರಗಿರುವ, ಯಾರೊಂದಿಗೂ ಬೆರೆಯದ ಒಂದು ಅಪರೂಪದ ಅನಿಲ ಇದಕ್ಕೆ ಉತ್ತರ ಹೇಳಬಲ್ಲದು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ರಾತ್ರಿ ಹಗಲೆನ್ನದೆ ಒಂದು ಸದ್ದು ಕೇಳಿಸುತ್ತಿರುತ್ತದೆ. ಅದು ಕೊಳವೆ ಬಾವಿ ಕೊರೆಯುವ ಲಾರಿಯ ಸದ್ದು. ತೆಂಗಿನಕಾಯಿ ಹಿಡಿದವರು ತೋರಿಸಿದ ಜಾಗದಲ್ಲಿ ಪೂಜೆಯಾಗಿ, ಕಬ್ಬಿಣದ ಕೊಳವೆಗಳು ಒಂದರ ಹಿಂದೊಂದು ಬಂಡೆಯೊಳಕ್ಕೆ ಇಳಿಯುತ್ತವೆ. ಮುನ್ನೂರು ಅಡಿಗೆ ಬಿಳಿ ದೂಳು, ಆರುನೂರು ಅಡಿಗೂ ದೂಳು. ಸಾಲ ಮಾಡಿ ಹಣ ತಂದ ರೈತನ ಮನೆಮಂದಿಯೆಲ್ಲ ಆ ದೂಳನ್ನೇ ಮೈಮೇಲೆ ಮೆತ್ತಿಕೊಂಡು ಕಾಯುತ್ತಾರೆ. ಸಾವಿರ ಅಡಿ ದಾಟಿದ ಮೇಲೆ ಒಮ್ಮೊಮ್ಮೆ ಕೆಸರು ಚಿಮ್ಮಿ, ಹಿಂದೆಯೇ ನೀರು ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ.

ನೀರು ಬಂದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಇಂಚು?’ ಅದರಷ್ಟೇ ಮುಖ್ಯವಾದ, ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಈ ನೀರು ಯಾವಾಗ ಬಿದ್ದ ಮಳೆ? ಕಳೆದ ವರ್ಷದ್ದೇ, ಅಜ್ಜನ ಕಾಲದ್ದೇ, ಅಥವಾ ಮನುಷ್ಯ ಬೇಸಾಯ ಕಲಿಯುವ ಮೊದಲೇ ಬಿದ್ದದ್ದೇ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಕಳೆದ ವರ್ಷದ ಮಳೆಯಾದರೆ ಮುಂದಿನ ವರ್ಷದ ಮಳೆ ಅದನ್ನು ಮತ್ತೆ ತುಂಬಿಸೀತು. ಸಾವಿರಾರು ವರ್ಷ ಹಳೆಯದಾದರೆ ಇಂದು ಎತ್ತಿದ್ದು ಇಂದಿಗೆ ಮುಗಿಯಿತು. ನಮ್ಮ ಮಕ್ಕಳ ಕಾಲಕ್ಕೂ ಮೊಮ್ಮಕ್ಕಳ ಕಾಲಕ್ಕೂ ಅದು ತುಂಬುವುದಿಲ್ಲ. ಮೊದಲನೆಯದು ತಿಂಗಳ ಸಂಬಳವಿದ್ದಂತೆ, ಎರಡನೆಯದು ಹಿರಿಯರು ಇಟ್ಟುಹೋದ ಠೇವಣಿಯಿದ್ದಂತೆ. ಯಾವುದರಿಂದ ಖರ್ಚು ಮಾಡುತ್ತಿದ್ದೇವೆಂದು ತಿಳಿಯದೆ ಸಂಸಾರ ನಡೆಸಲಾದೀತೇ?

ನೀರಿನ ವಯಸ್ಸು ಎಂದರೇನು?

ನೀರಿನ ಅಣುವಿಗೆ ಹುಟ್ಟಿದ ದಿನವೆಂಬುದಿಲ್ಲ. ಇಂದು ಲೋಟದಲ್ಲಿರುವ ನೀರು ಕೋಟ್ಯಂತರ ವರ್ಷಗಳಿಂದ ಕಡಲು, ಮೋಡ, ಮಳೆ, ಹೊಳೆ ಎಂದು ಸುತ್ತುತ್ತಲೇ ಇದೆ. ಹಾಗಾಗಿ ಅಂತರ್ಜಲದ ವಯಸ್ಸು ಎಂದಾಗ ವಿಜ್ಞಾನಿಗಳು ಬೇರೆಯದೇ ಅರ್ಥ ಹೇಳುತ್ತಾರೆ. ಮಳೆನೀರು ನೆಲಕ್ಕೆ ಇಂಗಿ, ಗಾಳಿಯ ಸಂಪರ್ಕ ಕಡಿದುಕೊಂಡ ಕ್ಷಣದಿಂದ ಇಂದಿನವರೆಗೆ ಕಳೆದ ಕಾಲವೇ ಅದರ ವಯಸ್ಸು. ಸೀಸೆಗೆ ಬಿರಡೆ ಹಾಕಿದ ದಿನದಿಂದ ಲೆಕ್ಕ ಶುರು ಎಂದುಕೊಳ್ಳಬಹುದು.

ಬಿರಡೆ ಹಾಕುವ ಮುನ್ನ ನೀರು ಗಾಳಿಯಿಂದ ಒಂದಿಷ್ಟು ಅನಿಲಗಳನ್ನು ಕರಗಿಸಿಕೊಂಡಿರುತ್ತದೆ. ಮೀನು ಉಸಿರಾಡುವುದು ಹಾಗೆ ಕರಗಿದ ಆಮ್ಲಜನಕದಿಂದಲೇ ಎಂಬುದು ಶಾಲಾ ಮಕ್ಕಳಿಗೂ ಗೊತ್ತು. ಆ ಅನಿಲಗಳಲ್ಲಿ ಯಾವುದಾದರೊಂದು ನಿಯಮಿತವಾದ ವೇಗದಲ್ಲಿ ಸವೆಯುತ್ತಿದ್ದರೆ, ಉಳಿದಿರುವುದನ್ನು ಅಳೆದು ಕಳೆದ ಕಾಲವನ್ನು ಹೇಳಬಹುದು. ಈ ವಿದ್ಯೆಯ ತಿರುಳು ಇಷ್ಟೇ.

ಕಲ್ಲಿನ ನಾಡು, ಕೆರೆಯ ನಾಡು

ಈ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿಗಳು ಹುಟ್ಟುತ್ತವೆ ನಿಜ. ಆದರೆ ಹುಟ್ಟೂರಿನಲ್ಲಿ ಅವು ಮಳೆಗಾಲದ ಹಳ್ಳಗಳಷ್ಟೇ. ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಹಿಂದಿನವರು ಈ ಮಳೆಯನ್ನು ನಂಬಿ ಕೆರೆ ಕಟ್ಟಿದರು. ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ತೆರೆದ ಬಾವಿಗಳಲ್ಲಿ ನೀರು ಕೈಗೆಟುಕುತ್ತಿತ್ತು. ಏತ, ಕಪಿಲೆಗಳಿಂದ ಎತ್ತಿದಷ್ಟೂ ಮರುದಿನ ಒರತೆಯಿಂದ ತುಂಬುತ್ತಿತ್ತು.

ಆ ಬಾವಿಗಳು ತಲುಪುತ್ತಿದ್ದದ್ದು ಮಣ್ಣಿನ ಕೆಳಗಿನ ಕೊಳೆತ ಕಲ್ಲಿನ ಪದರವನ್ನು. ಬಿಸಿಲು ಮಳೆಗೆ ಸಿಕ್ಕಿ ಸಡಿಲಗೊಂಡ ಈ ಪದರ ಸ್ಪಂಜಿನಂತೆ ನೀರು ಹಿಡಿದಿಡುತ್ತದೆ. ಅದರ ಕೆಳಗಿರುವುದು ಸುಮಾರು 250 ಕೋಟಿ ವರ್ಷ ಹಳೆಯದಾದ ಗಟ್ಟಿ ಗ್ರಾನೈಟ್ ಮತ್ತು ನೈಸ್ ಶಿಲೆ. ಅಲ್ಲಿ ಭೂಮಿಯೊಳಗೆ ನದಿ ಹರಿಯುತ್ತದೆ, ಸರೋವರವಿದೆ ಎಂಬ ನಂಬಿಕೆಗೆಲ್ಲ ಆಧಾರವಿಲ್ಲ. ಬಂಡೆಯ ಬಿರುಕುಗಳಲ್ಲಿ ಸಿಕ್ಕಿಕೊಂಡ ನೀರು ಮಾತ್ರ ಇರುತ್ತದೆ. ಬಿರುಕು ಸಿಕ್ಕರೆ ಬೋರಿಗೆ ನೀರು, ತಪ್ಪಿದರೆ ದೂಳು. ಪಕ್ಕದ ಹೊಲದವರಿಗೆ ನೀರು ಬಂದು ತಮಗೆ ಬಾರದಿದ್ದರೆ ಹಣೆಬರಹವನ್ನು ದೂರುವಂತಿಲ್ಲ, ಬಿರುಕು ಆ ಕಡೆ ತಿರುಗಿರುತ್ತದೆ ಅಷ್ಟೆ.

ಇಂಗುವುದೆಷ್ಟು, ಎತ್ತುವುದೆಷ್ಟು? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಇಂಥ ಶಿಲೆಯಲ್ಲಿ ಬಿದ್ದ ಮಳೆಯ ಶೇಕಡಾ 8ರಿಂದ 11ರಷ್ಟು ಇಂಗುತ್ತದೆಂದು ಅಂತರ್ಜಲದ ಅಂದಾಜುಗಳಲ್ಲಿ ಹಿಡಿಯುವ ಪದ್ಧತಿಯಿದೆ. ಶೇಕಡಾ 10 ಎಂದೇ ಇಟ್ಟುಕೊಳ್ಳೋಣ. ಆಗ 700ರಲ್ಲಿ 70 ಮಿಲಿಮೀಟರ್ ಇಂಗಿತು. ಒಂದು ಎಕರೆಗೆ ಇದು ಸುಮಾರು 2 ಲಕ್ಷ 80 ಸಾವಿರ ಲೀಟರ್. ಗಂಟೆಗೆ 5,000 ಲೀಟರ್ ಎತ್ತುವ ಪಂಪು ದಿನಕ್ಕೆ 6 ಗಂಟೆ ಓಡಿದರೆ 30,000 ಲೀಟರ್ ಹೊರಬರುತ್ತದೆ. ಅಂದರೆ ಒಂದು ಎಕರೆಯ ಇಡೀ ವರ್ಷದ ಗಳಿಕೆ ಹತ್ತು ದಿನಕ್ಕೂ ಸಾಲದು! ಉಳಿದ ದಿನಗಳ ನೀರು ಅಕ್ಕಪಕ್ಕದ ಎಕರೆಗಳಿಂದ ಬರಬೇಕು, ಇಲ್ಲವೇ ಹಳೆಯ ಉಳಿತಾಯದಿಂದ ಬರಬೇಕು. ಸುತ್ತಲೂ ಪಂಪುಗಳೇ ಇದ್ದರೆ ಉಳಿಯುವುದು ಎರಡನೆಯ ದಾರಿಯೊಂದೇ. ಕೇಂದ್ರ ಅಂತರ್ಜಲ ಮಂಡಳಿಯ ಹಲವು ಬಾರಿಯ ಅಂದಾಜುಗಳಲ್ಲಿ ಈ ತಾಲ್ಲೂಕುಗಳು ‘ಅತಿಬಳಕೆ’ಯ ಪಟ್ಟಿಯಲ್ಲಿ ಸೇರಿರುವುದಕ್ಕೆ ಇದೇ ಕಾರಣ. ವರ್ಷಕ್ಕೆ ಇಂಗಿ ಬಳಕೆಗೆ ಸಿಗುವುದಕ್ಕಿಂತ ಹೆಚ್ಚು ಎತ್ತಿದರೆ ಅದೇ ಅತಿಬಳಕೆ.

ಸವೆಯುವ ಗಡಿಯಾರಗಳು

ಒಂದೇ ಧಾತುವಿನ ಪರಮಾಣುಗಳಲ್ಲಿ ತೂಕ ಬೇರೆಯಾದವುಗಳಿಗೆ ಸಮಸ್ಥಾನಿಗಳು, ಅಂದರೆ ಐಸೋಟೋಪುಗಳು ಎಂದು ಹೆಸರು. ಒಂದೇ ಮನೆಯ ಅಣ್ಣತಮ್ಮಂದಿರಂತೆ ಗುಣ ಒಂದೇ, ತೂಕ ಮಾತ್ರ ಬೇರೆ. ಇವುಗಳಲ್ಲಿ ಕೆಲವು ಅಸ್ಥಿರ. ಅವು ವಿಕಿರಣ ಸೂಸಿ ಬೇರೊಂದು ಧಾತುವಾಗಿ ಮಾರ್ಪಡುತ್ತವೆ. ಇರುವ ಪರಮಾಣುಗಳಲ್ಲಿ ಸರಿಯಾಗಿ ಅರ್ಧದಷ್ಟು ಹೀಗೆ ಬದಲಾಗಲು ಬೇಕಾದ ಕಾಲವೇ ಅರ್ಧಾಯುಷ್ಯ. ಬಿಸಿ, ತಂಪು, ಒತ್ತಡ, ರಾಸಾಯನಿಕ ಕ್ರಿಯೆ ಯಾವುದೂ ಈ ವೇಗವನ್ನು ಬದಲಿಸುವುದಿಲ್ಲವೆನ್ನಬಹುದು. ಗಡಿಯಾರಕ್ಕೆ ಬೇಕಾದ ಗುಣವೇ ಇದು.

ನೀರಿನ ಕಾಲ ಹೇಳಲು ಮೊದಲು ಬಳಕೆಗೆ ಬಂದವು ಟ್ರಿಟಿಯಂ ಮತ್ತು ಇಂಗಾಲ-14. ಟ್ರಿಟಿಯಂ ಎಂದರೆ ಭಾರವಾದ ಜಲಜನಕ, ಅರ್ಧಾಯುಷ್ಯ 12.3 ವರ್ಷ. 1950 ಮತ್ತು 60ರ ದಶಕಗಳಲ್ಲಿ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಜಲಜನಕ ಬಾಂಬು ಸಿಡಿಸಿದಾಗ ಇದು ಜಗತ್ತಿನ ಮಳೆಯಲ್ಲೆಲ್ಲ ಬೆರೆಯಿತು. 1963ರಲ್ಲಿ ಅದರ ಪ್ರಮಾಣ ತುತ್ತತುದಿ ಮುಟ್ಟಿ, ಅನಂತರ ಇಳಿಯಿತು. ನೀರಿನಲ್ಲಿ ಟ್ರಿಟಿಯಂ ಇದ್ದರೆ ಅದು ಈಚಿನ ಮಳೆ, ಇಲ್ಲದಿದ್ದರೆ ಬಾಂಬಿನ ಯುಗಕ್ಕಿಂತ ಹಿಂದಿನದು. ಗೌರಿಬಿದನೂರಿನವರಿಗೆ ಈ ಕಥೆ ಇನ್ನೂ ಹತ್ತಿರದ್ದು. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು 1965ರಲ್ಲಿ ಅಲ್ಲಿ ಸ್ಥಾಪಿಸಿದ ಭೂಕಂಪ ಮಾಪನ ಕೇಂದ್ರದ ಮುಖ್ಯ ಕೆಲಸವೇ ದೂರದೇಶಗಳ ನೆಲದಡಿಯ ಅಣುಸ್ಫೋಟಗಳ ಕಂಪನವನ್ನು ಹಿಡಿಯುವುದು. ನೆಲ ಆ ಯುಗದ ಕಂಪನವನ್ನು ದಾಖಲಿಸಿದರೆ, ನೀರು ಅದರ ಟ್ರಿಟಿಯಂ ಅನ್ನು ದಾಖಲಿಸಿಕೊಂಡಿತು.

ಇಂಗಾಲ-14ರ ಅರ್ಧಾಯುಷ್ಯ 5,730 ವರ್ಷ. ಅಮೆರಿಕದ ವಿಲ್ಲರ್ಡ್ ಲಿಬಿ ಇದರಿಂದ ಹಳೆಯ ಮರ, ಮೂಳೆಗಳ ಕಾಲ ಹೇಳುವ ವಿಧಾನ ಕಂಡುಹಿಡಿದು 1960ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ನೀರಿಗೂ ಇದನ್ನು ಅನ್ವಯಿಸಬಹುದು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಕ್ಷಿಣ ಭಾರತದ ಆಳದ ಅಂತರ್ಜಲವನ್ನು ಹೀಗೆ ಪರೀಕ್ಷಿಸಿ, ಕಳೆದ 30,000 ವರ್ಷಗಳ ಹವಾಮಾನದ ಗುರುತುಗಳನ್ನು ಅದರಲ್ಲಿ ಓದಿ 1998ರಲ್ಲಿ ಪ್ರಕಟಿಸಿದರು. ಆದರೆ ಈ ಗಡಿಯಾರಕ್ಕೆ ಎರಡು ತೊಡಕು. ಸುಮಾರು 40,000 ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಎರಡನೆಯದಾಗಿ, ನೆಲದೊಳಗಿನ ಸುಣ್ಣದ ಕಲ್ಲು ಕರಗಿ ಹಳೆಯ ಇಂಗಾಲ ನೀರಿಗೆ ಬೆರೆತರೆ ಇರುವುದಕ್ಕಿಂತ ಹೆಚ್ಚು ವಯಸ್ಸು ತೋರುತ್ತದೆ. ಈ ಸೀಮೆಯ ಹೊಲಗಳಲ್ಲಿ ನೇಗಿಲಿಗೆ ಸಿಗುವ ಸುಣ್ಣದ ಹರಳುಗಳನ್ನು ಕಂಡವರಿಗೆ ಈ ತೊಡಕು ಸುಲಭವಾಗಿ ಅರ್ಥವಾದೀತು.

ಭಾರತೀಯ ವಿಜ್ಞಾನಿಗಳು ಇಲ್ಲಿ ಸುಮ್ಮನೆ ಕೂತಿರಲಿಲ್ಲ ಎಂಬುದು ಹೆಮ್ಮೆಯ ವಿಷಯ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದೇವೇಂದ್ರ ಲಾಲ್ ಮತ್ತು ಸಂಗಡಿಗರು ಸಿಲಿಕಾನ್-32 ಎಂಬ ಸಮಸ್ಥಾನಿಯಿಂದ ಕೆಲವು ನೂರು ವರ್ಷ ಹಳೆಯ ಅಂತರ್ಜಲದ ವಯಸ್ಸು ಹೇಳುವ ವಿಧಾನವನ್ನು 1966ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆದರೆ ಸಿಲಿಕಾನ್ ಮಣ್ಣು ಕಲ್ಲುಗಳ ಜೊತೆ ಬೆರೆಯುವ ಸ್ವಭಾವದ್ದು. ಹಾಗಾಗಿ ನೆಲದೊಳಗಿನ ಯಾವುದರೊಂದಿಗೂ ಬೆರೆಯದ ಗಡಿಯಾರವೊಂದು ಬೇಕಾಗಿತ್ತು.

ಸೋಮಾರಿಯೂ ಅವಿತವನೂ

ಗಾಳಿಯಲ್ಲಿ ಜಡಾನಿಲಗಳೆಂಬ ಒಂದು ಕುಟುಂಬವಿದೆ. ಇವು ಯಾವ ಧಾತುವಿನೊಂದಿಗೂ ಸುಲಭವಾಗಿ ಸಂಯೋಗ ಹೊಂದುವುದಿಲ್ಲ. 1894ರಲ್ಲಿ ಪತ್ತೆಯಾದ ಆರ್ಗಾನ್‌ಗೆ ಗ್ರೀಕ್ ಭಾಷೆಯಲ್ಲಿ ‘ಸೋಮಾರಿ’ ಎಂಬ ಅರ್ಥದ ಹೆಸರನ್ನೇ ಇಟ್ಟರು. 1898ರಲ್ಲಿ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಇನ್ನೊಂದನ್ನು ಕಂಡುಹಿಡಿದು, ಅದು ಗಾಳಿಯಲ್ಲಿ ಅವಿತುಕೊಂಡಿದ್ದರಿಂದ ‘ಅಡಗಿದ್ದು’ ಎಂಬ ಅರ್ಥದಲ್ಲಿ ಕ್ರಿಪ್ಟಾನ್ ಎಂದು ಕರೆದರು. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಕ್ರಿಪ್ಟಾನಿನ ಪಾಲು ಸುಮಾರು ಒಂದು ಭಾಗ ಮಾತ್ರ.

ಹೊರಗಿನ ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳು ವಾಯುಮಂಡಲದ ಮೇಲ್ಭಾಗದಲ್ಲಿ ಸಾಧಾರಣ ಕ್ರಿಪ್ಟಾನಿಗೆ ಬಡಿದಾಗ ಕ್ರಿಪ್ಟಾನ್-81 ಎಂಬ ವಿಕಿರಣಶೀಲ ಸಮಸ್ಥಾನಿ ಹುಟ್ಟುತ್ತದೆ. ಅದರ ಅರ್ಧಾಯುಷ್ಯ ಸುಮಾರು 2 ಲಕ್ಷ 29 ಸಾವಿರ ವರ್ಷ. ಇಷ್ಟು ದೀರ್ಘಾಯುವಾದ್ದರಿಂದ ಅದು ಗಾಳಿಯಲ್ಲಿ ಎಲ್ಲೆಡೆ ಸಮನಾಗಿ ಹರಡಿಕೊಳ್ಳುತ್ತದೆ. ನಂದಿಬೆಟ್ಟದ ಮೇಲಿನ ಗಾಳಿಯಲ್ಲೂ ಸಹರಾ ಮರುಭೂಮಿಯ ಗಾಳಿಯಲ್ಲೂ ಅದರ ಪಾಲು ಒಂದೇ.

ಮಳೆನೀರಿನೊಡನೆ ನೆಲಕ್ಕಿಳಿದ ಮೇಲೆ ಹೊಸ ಕ್ರಿಪ್ಟಾನ್-81 ಹುಟ್ಟುವುದಿಲ್ಲ. ಏಕೆಂದರೆ ಮೇಲಿನ ಬಂಡೆ ವಿಶ್ವಕಿರಣಗಳನ್ನು ತಡೆಯುತ್ತದೆ. ಇದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಿಲ್ಲ. ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ಟಾಟಾ ಸಂಸ್ಥೆಯ ವಿಜ್ಞಾನಿಗಳು ವರ್ಷಗಟ್ಟಲೆ ವಿಶ್ವಕಿರಣಗಳನ್ನು ಅಳೆದು, ಕೆಳಕ್ಕಿಳಿದಂತೆ ಅವು ಹೇಗೆ ಕ್ಷೀಣಿಸುತ್ತವೆಂದು ತೋರಿಸಿದರು. ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಎಷ್ಟು ನಿಶ್ಶಬ್ದವಿತ್ತೆಂದರೆ, ಬಂಡೆಯನ್ನೂ ಲೆಕ್ಕಿಸದೆ ತೂರಿಬರುವ ನ್ಯೂಟ್ರಿನೊ ಕಣಗಳ ಸುಳಿವನ್ನು 1965ರಲ್ಲಿ ಅಲ್ಲಿ ಹಿಡಿಯಲು ಸಾಧ್ಯವಾಯಿತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುನ್ನ ಈ ತಾಲ್ಲೂಕುಗಳೂ ಆ ಗಣಿಗಳೂ ಒಂದೇ ಕೋಲಾರ ಜಿಲ್ಲೆಯವು.

ಹೀಗೆ ಕ್ರಿಪ್ಟಾನ್-81 ಕಲ್ಲಿನೊಡನೆ ಬೆರೆಯುವುದಿಲ್ಲ, ನೆಲದೊಳಗೆ ಹೊಸದಾಗಿ ಹುಟ್ಟುವುದಿಲ್ಲ, ಗೊತ್ತಾದ ವೇಗದಲ್ಲಿ ಸವೆಯುತ್ತದೆ. ಗಾಳಿಯಲ್ಲಿರುವ ಪಾಲಿನ ಅರ್ಧ ಉಳಿದಿದ್ದರೆ ನೀರಿಗೆ 2 ಲಕ್ಷ 29 ಸಾವಿರ ವರ್ಷ, ಕಾಲು ಭಾಗ ಉಳಿದಿದ್ದರೆ 4 ಲಕ್ಷ 58 ಸಾವಿರ ವರ್ಷ. ಸುಮಾರು 40,000 ವರ್ಷದಿಂದ ಹತ್ತು ಹನ್ನೆರಡು ಲಕ್ಷ ವರ್ಷದವರೆಗೆ ಈ ಗಡಿಯಾರ ಓಡುತ್ತದೆ.

ನಾನೂರು ಲಾರಿ ರಾಗಿಯಲ್ಲಿ ಒಂದು ಕಾಳು

ಇಷ್ಟು ಒಳ್ಳೆಯ ಗಡಿಯಾರವಿದ್ದೂ ದಶಕಗಳ ಕಾಲ ಅದನ್ನು ಬಳಸಲಾಗಲಿಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಲೂಸ್ಲಿ ಮತ್ತು ಓಷ್ಗರ್ ಗಾಳಿಯಲ್ಲಿ ಕ್ರಿಪ್ಟಾನ್-81 ಇರುವುದನ್ನು 1969ರಲ್ಲೇ ತೋರಿಸಿದ್ದರು. ನೀರಿನಲ್ಲಿ ಅಳೆಯುವುದೇ ಕಷ್ಟವಾದದ್ದು. ಒಂದು ಲೀಟರ್ ಹೊಸ ನೀರಿನಲ್ಲಿರುವ ಕ್ರಿಪ್ಟಾನ್-81 ಪರಮಾಣುಗಳ ಸಂಖ್ಯೆ ಹೆಚ್ಚೂಕಡಿಮೆ ಒಂದು ಸಾವಿರ. ಹಳೆಯ ಪದ್ಧತಿಯಂತೆ ಅವು ವಿಕಿರಣ ಸೂಸುವುದನ್ನು ಕಾದು ಎಣಿಸಹೊರಟರೆ, ಒಂದು ಲೀಟರಿನಲ್ಲಿ ಒಂದು ಪರಮಾಣು ಸಿಡಿಯುವುದನ್ನು ಕಾಣಲು ಸರಾಸರಿ ಮುನ್ನೂರು ವರ್ಷಕ್ಕೂ ಹೆಚ್ಚು ಕಾಯಬೇಕು!

ಸಿಡಿಯುವವರೆಗೆ ಕಾಯದೆ ಪರಮಾಣುಗಳನ್ನೇ ಹೆಕ್ಕಿ ಎಣಿಸಬಾರದೇಕೆ? ಅಲ್ಲೂ ಅಡ್ಡಿ. ಒಂದು ಕ್ರಿಪ್ಟಾನ್-81ಕ್ಕೆ ಸುಮಾರು 1 ಲಕ್ಷ 70 ಸಾವಿರ ಕೋಟಿ ಸಾಧಾರಣ ಕ್ರಿಪ್ಟಾನ್ ಪರಮಾಣುಗಳಿವೆ. ಅಷ್ಟು ರಾಗಿಕಾಳುಗಳನ್ನು ರಾಶಿ ಹಾಕಿದರೆ ನಾಲ್ಕು ಸಾವಿರ ಟನ್ ಮೀರೀತು. ಲಾರಿಗೆ ಹತ್ತು ಟನ್ನಿನಂತೆ ನಾನೂರಕ್ಕೂ ಹೆಚ್ಚು ಲಾರಿ ಬೇಕು. ಅಷ್ಟೂ ರಾಗಿಯಲ್ಲಿ, ನೋಟಕ್ಕೆ ಉಳಿದವುಗಳಂತೆಯೇ ಇರುವ ಒಂದೇ ಒಂದು ಕಾಳನ್ನು ಆರಿಸಬೇಕು.

ಬೆಳಕಿನ ಬಲೆ

ಈ ಅಸಾಧ್ಯವನ್ನು ಸಾಧ್ಯ ಮಾಡಿದ್ದು ಲೇಸರ್. ಪ್ರತಿಯೊಂದು ಸಮಸ್ಥಾನಿಯೂ ತನಗೇ ಮೀಸಲಾದ ಬಣ್ಣದ ಬೆಳಕನ್ನು ಹೀರಿಕೊಳ್ಳುತ್ತದೆ. ಕ್ರಿಪ್ಟಾನ್-81ರ ಬಣ್ಣಕ್ಕೂ ಅದರ ಅಣ್ಣತಮ್ಮಂದಿರ ಬಣ್ಣಕ್ಕೂ ಇರುವ ವ್ಯತ್ಯಾಸ ಬಲು ಸೂಕ್ಷ್ಮವಾದರೂ ಲೇಸರಿಗೆ ಅದು ಸಾಕು.

ಮಕ್ಕಳ ಉಯ್ಯಾಲೆಯನ್ನು ನೆನೆಯಿರಿ. ಅದರ ಲಯಕ್ಕೆ ಸರಿಯಾಗಿ ಮೆಲ್ಲಗೆ ತಳ್ಳುತ್ತಾ ಹೋದರೆ ಸಣ್ಣ ಸಣ್ಣ ತಳ್ಳಾಟಗಳೆಲ್ಲ ಕೂಡಿಕೊಂಡು ದೊಡ್ಡದಾಗುತ್ತವೆ. ಲಯ ತಪ್ಪಿ ತಳ್ಳಿದರೆ ಪ್ರಯೋಜನವಿಲ್ಲ. ಹಾಗೆಯೇ ಸರಿಯಾದ ಬಣ್ಣದ ಲೇಸರನ್ನು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಹಾರುವ ಪರಮಾಣುಗಳಿಗೆ ಎದುರಾಗಿ ಹಾಯಿಸಿದರೆ, ಕ್ರಿಪ್ಟಾನ್-81 ಮಾತ್ರ ಸಾವಿರಾರು ಬಾರಿ ಬೆಳಕಿನ ಪೆಟ್ಟು ತಿಂದು ನಿಧಾನವಾಗುತ್ತದೆ. ಉಳಿದವು ಏನೂ ಆಗದಂತೆ ಹಾರಿಹೋಗುತ್ತವೆ. ನಿಧಾನವಾದ ಪರಮಾಣುವನ್ನು ಆರು ದಿಕ್ಕಿನ ಲೇಸರ್ ಮತ್ತು ಕಾಂತಕ್ಷೇತ್ರದ ನಡುವೆ ಹಿಡಿದು ನಿಲ್ಲಿಸಬಹುದು. ಅಲ್ಲಿ ಅದು ಬೆಳಕು ಸೂಸುತ್ತಾ ಮಿಣುಕುತ್ತದೆ. ಸೂಕ್ಷ್ಮ ಕ್ಯಾಮೆರಾದಲ್ಲಿ ಆ ಒಂದೇ ಪರಮಾಣು ಒಂದು ಚುಕ್ಕೆಯಾಗಿ ಕಾಣುತ್ತದೆ. ಒಂದು ಚುಕ್ಕೆ, ಒಂದು ಎಣಿಕೆ.

ಪರಮಾಣುಗಳನ್ನು ಲೇಸರಿನಿಂದ ತಣಿಸಿ ಹಿಡಿಯುವ ವಿದ್ಯೆಗಾಗಿ ಸ್ಟೀವನ್ ಚು, ಕ್ಲೋದ್ ಕೊಹೆನ್-ತನೂಜಿ ಮತ್ತು ವಿಲಿಯಂ ಫಿಲಿಪ್ಸ್ ಅವರಿಗೆ 1997ರ ನೊಬೆಲ್ ಬಂದಿತು. ಅದನ್ನು ಕ್ರಿಪ್ಟಾನಿಗೆ ಅಳವಡಿಸಿ ಎಣಿಸಿ ತೋರಿಸಿದ್ದು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಝೆಂಗ್-ಟಿಯಾನ್ ಲು ಮತ್ತು ಸಂಗಡಿಗರು, 1999ರಲ್ಲಿ. ಪ್ರಯೋಗಾಲಯದ ಹೆಸರಿಗೂ ಅನಿಲಕ್ಕೂ ಸಂಬಂಧವಿಲ್ಲ, ಅದು ಕಾಕತಾಳೀಯ.

ಮರಳುಗಾಡಿನ ಹತ್ತು ಲಕ್ಷ ವರ್ಷ

2000ದಲ್ಲಿ ಆಸ್ಟ್ರೇಲಿಯದ ಮಹಾ ಆರ್ಟೀಸಿಯನ್ ಜಲಾನಯನದ ನೀರಿಗೆ ಈ ಗಡಿಯಾರ ಹಿಡಿದಾಗ ಎರಡರಿಂದ ನಾಲ್ಕು ಲಕ್ಷ ವರ್ಷಗಳ ವಯಸ್ಸು ಸಿಕ್ಕಿತು. ಆಗ ಬಳಸಿದ್ದು ಲೇಸರ್ ಬಲೆಯನ್ನಲ್ಲ, ಕಣಗಳಿಗೆ ವೇಗ ಕೊಡುವ ಸೈಕ್ಲೋಟ್ರಾನ್ ಯಂತ್ರವನ್ನು. ಒಂದೊಂದು ಮಾದರಿಗೂ ಸುಮಾರು 16,000 ಲೀಟರ್ ನೀರಿನಿಂದ ಅನಿಲ ತೆಗೆಯಬೇಕಾಯಿತು. 2004ರಲ್ಲಿ ಈಜಿಪ್ಟಿನ ಪಶ್ಚಿಮ ಮರುಭೂಮಿಯ ಕೆಳಗಿನ ನೂಬಿಯನ್ ಮರಳುಗಲ್ಲಿನ ನೀರನ್ನು ಲೇಸರ್ ಬಲೆಯಿಂದ ಪರೀಕ್ಷಿಸಿದಾಗ ಎರಡು ಲಕ್ಷದಿಂದ ಹತ್ತು ಲಕ್ಷ ವರ್ಷಗಳವರೆಗಿನ ವಯಸ್ಸು ಕಂಡಿತು. ಇಂದು ಮಳೆಯೇ ಇಲ್ಲದ ಮರಳುಗಾಡಿನಲ್ಲಿ ಒಂದು ಕಾಲದಲ್ಲಿ ಮಳೆ ಸುರಿದಿತ್ತೆಂಬುದಕ್ಕೆ ನೀರೇ ಸಾಕ್ಷಿ ಹೇಳಿತು. ಇಂದು ಈ ಕೆಲಸಕ್ಕೆ ಹತ್ತಿಪ್ಪತ್ತು ಲೀಟರ್ ನೀರು, ಅಂದರೆ ಒಂದೆರಡು ಬಿಂದಿಗೆ ಸಾಕಾಗುತ್ತದೆ. ಚೀನಾದ ಹೆಫೆಯಲ್ಲೂ ಇಂಥ ಪ್ರಯೋಗಾಲಯವಿದೆ.

ಕ್ರಿಪ್ಟಾನ್-81 ನಿಂತುಹೋಗುವಲ್ಲಿಂದಲೂ ಮುಂದೆ ಹೋಗಬಹುದು. ಕೆನಡಾದ ಟಿಮಿನ್ಸ್ ಬಳಿಯ ಗಣಿಯೊಂದರಲ್ಲಿ 2.4 ಕಿಲೋಮೀಟರ್ ಆಳದ ಬಂಡೆಬಿರುಕಿನ ನೀರಿಗೆ ನೂರು ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸೆಂದು 2013ರಲ್ಲಿ ಪ್ರಕಟವಾಯಿತು. ಅಲ್ಲಿ ಅಳೆದದ್ದು ಸವೆಯುವ ಅನಿಲವನ್ನಲ್ಲ. ಕಲ್ಲಿನಿಂದ ನೀರಿಗೆ ಕಾಲಕಾಲಕ್ಕೆ ಸೇರುತ್ತ ಬಂದ ಜಡಾನಿಲಗಳನ್ನು.

ಯಾವ ಗಡಿಯಾರ ಯಾವ ಕಾಲಕ್ಕೆ?

ಟ್ರಿಟಿಯಂ: ಅರ್ಧಾಯುಷ್ಯ 12.3 ವರ್ಷ. ಕಳೆದ ಕೆಲವು ದಶಕಗಳ ನೀರು.

ಕ್ರಿಪ್ಟಾನ್-85: ಅರ್ಧಾಯುಷ್ಯ ಸುಮಾರು 10.8 ವರ್ಷ. ಅಣು ಇಂಧನವನ್ನು ಮರುಸಂಸ್ಕರಿಸುವಾಗ ಗಾಳಿಗೆ ಸೇರುತ್ತದೆ. 1950ರ ದಶಕದಿಂದ ಈಚಿನ ನೀರು.

ಆರ್ಗಾನ್-39: ಅರ್ಧಾಯುಷ್ಯ ಸುಮಾರು 270 ವರ್ಷ. ಐವತ್ತರಿಂದ ಸಾವಿರದೈನೂರು ವರ್ಷದ ನೀರು.

ಇಂಗಾಲ-14: ಅರ್ಧಾಯುಷ್ಯ 5,730 ವರ್ಷ. ಸಾವಿರದಿಂದ ನಲವತ್ತು ಸಾವಿರ ವರ್ಷದ ನೀರು.

ಕ್ರಿಪ್ಟಾನ್-81: ಅರ್ಧಾಯುಷ್ಯ 2 ಲಕ್ಷ 29 ಸಾವಿರ ವರ್ಷ. ನಲವತ್ತು ಸಾವಿರದಿಂದ ಹತ್ತು ಹನ್ನೆರಡು ಲಕ್ಷ ವರ್ಷದ ನೀರು.

ನಮ್ಮ ಬೋರುಗಳಿಗೆ ಅನ್ವಯಿಸಿದರೆ

ಆಸ್ಟ್ರೇಲಿಯ, ಈಜಿಪ್ಟುಗಳದು ವಿಶಾಲವಾದ ಮರಳುಗಲ್ಲಿನ ಪದರ. ಅಲ್ಲಿ ನೀರು ಸಾಲಾಗಿ ನಡೆಯುವ ಮಕ್ಕಳಂತೆ ಒಂದರ ಹಿಂದೆ ಒಂದು ಸಾಗುತ್ತದೆ. ಚಿಂತಾಮಣಿಯ ಬಂಡೆಬಿರುಕಿನದು ಹಾಗಲ್ಲ. ಒಂದೇ ಬೋರಿಗೆ ಇನ್ನೂರು ಅಡಿಯ ಬಿರುಕಿನಿಂದಲೂ ಸಾವಿರದಿನ್ನೂರು ಅಡಿಯ ಬಿರುಕಿನಿಂದಲೂ ನೀರು ಬರುತ್ತಿರಬಹುದು. ಹಳ್ಳಿಯ ಡೇರಿಯ ಕ್ಯಾನಿನಲ್ಲಿ ಹತ್ತು ಮನೆಯ ಹಾಲು ಬೆರೆತಂತೆ ಪಂಪಿನ ಬಾಯಲ್ಲಿ ಹಲವು ಕಾಲದ ನೀರು ಬೆರೆಯುತ್ತದೆ.

ಇದರಿಂದ ಒಂದು ಮೋಸ ಸಂಭವಿಸಬಹುದು. ತರಗತಿಯ ಅರ್ಧ ಮಕ್ಕಳು ನೂರಕ್ಕೆ ನೂರು, ಉಳಿದರ್ಧ ಸೊನ್ನೆ ಪಡೆದರೆ ಸರಾಸರಿ ಐವತ್ತು. ಆದರೆ ಐವತ್ತು ಪಡೆದವರು ಒಬ್ಬರೂ ಇಲ್ಲ! ಹಾಗೆಯೇ ಅರ್ಧ ಹೊಸ ಮಳೆ, ಅರ್ಧ ಬಹು ಪುರಾತನ ನೀರು ಬೆರೆತರೂ ಕ್ರಿಪ್ಟಾನ್-81 ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಆಗ ನೆರವಿಗೆ ಬರುವುದು ಟ್ರಿಟಿಯಂ ಮತ್ತು ಕ್ರಿಪ್ಟಾನ್-85. ನಿಜವಾಗಿ ಎರಡು ಲಕ್ಷ ವರ್ಷ ಹಳೆಯ ನೀರಿನಲ್ಲಿ ಇವೆರಡೂ ಇರಬಾರದು. ಇದ್ದರೆ ಹೊಸ ನೀರು ಬೆರೆತಿದೆ, ಇಲ್ಲವೇ ಮಾದರಿ ತೆಗೆಯುವಾಗ ಗಾಳಿ ನುಗ್ಗಿದೆ. ಆದ್ದರಿಂದಲೇ ಪಂಪಿನಿಂದ ಬರುವ ನೀರನ್ನು ಗಾಳಿ ತಾಗದ ಮುಚ್ಚಿದ ಕೊಳವೆಯಲ್ಲಿ ಹಾಯಿಸಿ, ಅದರೊಳಗಿನ ಅನಿಲವನ್ನು ಮಾತ್ರ ಸಿಲಿಂಡರಿಗೆ ತುಂಬಿಕೊಳ್ಳುತ್ತಾರೆ. ಒಂದೇ ಗಡಿಯಾರ ನಂಬದೆ ನಾಲ್ಕೈದನ್ನು ಒಟ್ಟಿಗೆ ನೋಡುವುದೇ ಕ್ಷೇಮ.

ಆಳದ ನೀರೆಲ್ಲ ಹಳೆಯದೆಂದು ಮೊದಲೇ ತೀರ್ಮಾನಿಸುವಂತೆಯೂ ಇಲ್ಲ. ಬಿರುಕು ನೇರವಾಗಿ ಕೆಳಗಿಳಿದಿದ್ದರೆ, ಜೋರಾಗಿ ಪಂಪು ಮಾಡುವಾಗ ಮೇಲಿನ ಹೊಸ ನೀರು ಕೆಳಕ್ಕೆ ಎಳೆಯಲ್ಪಡುತ್ತದೆ. ಆಳವನ್ನು ಅಡಿಯಲ್ಲಿ ಅಳೆಯಬಹುದು, ವಯಸ್ಸನ್ನು ಅಡಿಯಲ್ಲಿ ಅಳೆಯಲಾಗದು.

ಇಲ್ಲಿನ ಕಲ್ಲು ಇನ್ನೊಂದು ಎಚ್ಚರವನ್ನೂ ಬೇಡುತ್ತದೆ. ಗ್ರಾನೈಟಿನಲ್ಲಿ ಸಹಜವಾಗಿಯೇ ಯುರೇನಿಯಂ ಇರುತ್ತದೆ. ಅದರಿಂದ ಹೊರಡುವ ಕಣಗಳು ಕೊನೆಗೆ ನ್ಯೂಟ್ರಾನುಗಳನ್ನು ಎಬ್ಬಿಸಿ, ಅವು ಕಲ್ಲಿನ ಪೊಟ್ಯಾಸಿಯಂಗೆ ಬಡಿದು ನೆಲದೊಳಗೇ ಆರ್ಗಾನ್-39 ಹುಟ್ಟಿಸುತ್ತವೆ. ಹೀಗಾಗಿ ಗ್ರಾನೈಟ್ ಸೀಮೆಯಲ್ಲಿ ಆರ್ಗಾನ್ ಗಡಿಯಾರ ನೀರನ್ನು ಇರುವುದಕ್ಕಿಂತ ಚಿಕ್ಕವಯಸ್ಸಿನದೆಂದು ತೋರಿಸಬಹುದು. ಕ್ರಿಪ್ಟಾನ್-81ಕ್ಕೆ ಈ ಕಾಟವಿಲ್ಲ.

ಯುರೇನಿಯಂನ ಮಾತು ಬಂದಾಗ ತಾಯಿತಂದೆಯರು ಗಮನಿಸಬೇಕಾದ ಸಂಗತಿಯೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರೂ ಸೇರಿದ್ದ ತಂಡವೊಂದು ಪೂರ್ವ ಕರ್ನಾಟಕದ ಹಲವು ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಮಿತಿ ಮೀರಿದ ಯುರೇನಿಯಂ ಇರುವುದನ್ನು ವರದಿ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಫ್ಲೋರೈಡಿನ ಕಥೆಯಂತೂ ಈ ಜಿಲ್ಲೆಗೆ ಹೊಸದಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದ ಮಕ್ಕಳ ಹಲ್ಲು ಹಳದಿಗಟ್ಟುತ್ತದೆ, ಮುಂದೆ ಮೂಳೆಯೂ ಬಿಗಿಯುತ್ತದೆ. ನೀರು ಬಂಡೆಯ ನೆಂಟಸ್ತಿಕೆಯಲ್ಲಿ ಹೆಚ್ಚು ಕಾಲ ಇದ್ದಷ್ಟೂ ಕಲ್ಲಿನ ಗುಣ ಅದಕ್ಕೆ ಹತ್ತುತ್ತದೆ. ಹಾಗಾಗಿ ನೀರಿನ ವಯಸ್ಸು ತಿಳಿಯುವುದೆಂದರೆ ಅದರ ಗುಣದೋಷದ ಮೂಲವನ್ನೂ ಸ್ವಲ್ಪಮಟ್ಟಿಗೆ ತಿಳಿದಂತೆಯೇ.

ಕೆರೆ ತುಂಬಿತು, ಬಾವಿ ತುಂಬೀತೇ?

ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ, ದಿನಕ್ಕೆ 21 ಕೋಟಿ ಲೀಟರಿನಂತೆ 65 ಕೆರೆಗಳಿಗೆ ಹರಿಸುವ ಎಚ್.ಎನ್. ವ್ಯಾಲಿ ಯೋಜನೆಯಿಂದ ಚಿಕ್ಕಬಳ್ಳಾಪುರ ಭಾಗದ ಒಣಗಿದ ಕೆರೆಗಳಲ್ಲಿ ನೀರು ನಿಂತಿದೆ. ಆ ನೀರಿನ ಗುಣಮಟ್ಟದ ಬಗ್ಗೆ ಚರ್ಚೆ ನಡೆದಿದೆ. ಅದರ ಜೊತೆಗೇ ಕೇಳಬೇಕಾದ ಪ್ರಶ್ನೆ, ಕೆರೆಯಲ್ಲಿ ನಿಂತ ನೀರು ಎಷ್ಟು ಆಳಕ್ಕೆ, ಎಷ್ಟು ವರ್ಷದಲ್ಲಿ ತಲುಪುತ್ತದೆ ಎಂಬುದು. ಕೆರೆಯ ಕೆಳಗಿನ ಬೋರುಗಳನ್ನು ಟ್ರಿಟಿಯಂ, ಕ್ರಿಪ್ಟಾನ್-85ಗಳಿಂದ ಪರೀಕ್ಷಿಸಿದರೆ ಇದಕ್ಕೆ ಖಚಿತ ಉತ್ತರ ಸಿಗುತ್ತದೆ. ಹೊಸ ನೀರಿನ ಗುರುತು ಸಾವಿರ ಅಡಿಯಲ್ಲಿ ಕಂಡರೆ ಕೆರೆ ತುಂಬಿಸಿದ್ದು ಬೋರಿಗೂ ದಕ್ಕಿತು. ಜೊತೆಗೆ ಕೆರೆಯ ಮಾಲಿನ್ಯವೂ ಅಲ್ಲಿಗೆ ಇಳಿದೀತೆಂಬ ಎಚ್ಚರ ಬೇಕು. ಮುನ್ನೂರು ಅಡಿಗೇ ಆ ಗುರುತು ನಿಂತರೆ, ಅದಕ್ಕಿಂತ ಕೆಳಗಿನದು ಮತ್ತೆ ತುಂಬದ ಠೇವಣಿಯೆಂದು ತಿಳಿದು, ಕುಡಿಯುವ ನೀರಿನ ಕಷ್ಟಕಾಲಕ್ಕೆಂದು ಮೀಸಲಿಡುವುದು ಜಾಣತನ.

ಕರ್ನಾಟಕದಲ್ಲಿ ಅಂತರ್ಜಲ ಬಳಕೆಯ ನಿಯಂತ್ರಣಕ್ಕೆ 2011ರಲ್ಲೇ ಕಾನೂನು ಬಂದಿದೆ. ಆದರೆ ತನ್ನ ಬೋರಿನ ನೀರು ಯಾವ ಖಾತೆಯದೆಂದು ರೈತನಿಗೇ ತಿಳಿಯದಿದ್ದರೆ ಕಾನೂನು ಬರಿಯ ಅಡ್ಡಿಯಾಗಿ ಕಾಣುತ್ತದೆ. ಹಿಪ್ಪುನೇರಳೆಗೆ ಹನಿ ನೀರಾವರಿ ಹಾಕಿಕೊಂಡ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರೂ ಟೊಮೆಟೊ ಬೆಳೆಯುವ ಚಿಂತಾಮಣಿಯ ರೈತರೂ ನೀರಿನ ಬೆಲೆ ಅರಿಯದವರಲ್ಲ. ಅವರಿಗೆ ಕಾಣದಿರುವುದು ನೀರಿನ ಪಾಸ್‌ಬುಕ್ಕು ಮಾತ್ರ.

ಲೇಸರ್ ಬಲೆ ಪ್ರತಿ ತಾಲ್ಲೂಕಿಗೆ ಬರಬೇಕಾಗಿಲ್ಲ. ಆದರೆ ಅದರ ಎಣಿಕೆಗೆ ಅರ್ಥ ಬರಬೇಕಾದರೆ ಪಕ್ಕದಲ್ಲಿ ಇಡಲು ಊರಿನ ಲೆಕ್ಕವೂ ಬೇಕು. ಆ ಕೆಲಸ ಶಾಲೆಯ ಮಕ್ಕಳಿಂದಲೂ ಆಗುವಂಥದು. ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನದಿನದ ಮಳೆ ಬರೆಯುವುದು, ಊರಿನ ಹಳೆಯ ತೆರೆದ ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಹಗ್ಗ ಇಳಿಸಿ ಅಳೆಯುವುದು, ಯಾವ ವರ್ಷ ಯಾರ ಬೋರು ಎಷ್ಟು ಅಡಿಗೆ ಹೋಯಿತೆಂದು ಹಿರಿಯರನ್ನು ಕೇಳಿ ಪಟ್ಟಿ ಮಾಡುವುದು. ಹತ್ತು ವರ್ಷ ಬಿಡದೆ ಬರೆದ ಇಂಥ ಪುಸ್ತಕ ಯಾವ ವಿಜ್ಞಾನಿಗೂ ಬೆಲೆಬಾಳುವ ವಸ್ತು. ಕ್ರಿಪ್ಟಾನ್ ಪರಮಾಣು ನೀರಿನ ಹಿಂದಿನ ಕಾಲವನ್ನು ಹೇಳುತ್ತದೆ. ಮುಂದಿನ ಕಾಲದ ಲೆಕ್ಕ ಇಡುವುದು ಊರಿನವರ ಕೈಯಲ್ಲೇ ಇದೆ.